ತಪ್ಪಾದಾಗ ಪ್ರೋಗ್ರಾಂ 0 ಹೇಳಬಾರದು: ಎಕ್ಸಿಟ್ ಕೋಡ್ ಸರಿಯಾಗಿ ಕೊಡುವುದು ಹೇಗೆ

“ನನ್ನ ಪ್ರೋಗ್ರಾಂ ಎರರ್ ಅಂತ ತೋರಿಸ್ತೈತ್ರಿ, ಆದ್ರೂ ಮುಂದಿನ ಸ್ಕ್ರಿಪ್ಟ್ ಓಡೇ ಬಿಡ್ತೈತಿ. ಯಾಕ್ರಿ?” ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಕೇಳುವವರಲ್ಲಿ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವವರಿದ್ದಾರೆ. ಬಾಗಲಕೋಟೆ, ವಿಜಯಪುರ ಕಡೆ ಸೊಸೈಟಿ, ಗೋದಾಮು, ಕಾರ್ಖಾನೆಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವವರೂ ಇದ್ದಾರೆ. ಉತ್ತರ ಹೆಚ್ಚುಕಡಿಮೆ ಒಂದೇ. ತೆರೆಯ ಮೇಲೆ ಬರುವ ಎರರ್ ಮನುಷ್ಯರಿಗೆ. ಮುಂದಿನ ಸ್ಕ್ರಿಪ್ಟ್ ಅದನ್ನು ಓದುವುದೇ ಇಲ್ಲ. ಅದು ನೋಡುವುದು ಒಂದು ಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ 0 ಆಗಿದ್ದರೆ ಕೆಲಸ ಆಯಿತು ಅಂತ ನಂಬಿ ಮುಂದೆ ಹೋಗುತ್ತದೆ.

ಈ ಸಂಖ್ಯೆಗೆ ಎಕ್ಸಿಟ್ ಕೋಡ್ ಅನ್ನುತ್ತಾರೆ. ಪ್ರೋಗ್ರಾಂ ಮುಗಿಯುವಾಗ ತನ್ನನ್ನು ಓಡಿಸಿದವರಿಗೆ ಕೊಟ್ಟು ಹೋಗುವ ಸಂಖ್ಯೆ ಇದು. ಓಡಿಸಿದವರು ಅಂದರೆ ಸಾಮಾನ್ಯವಾಗಿ ಶೆಲ್, ಅಂದರೆ ಟರ್ಮಿನಲ್‌ನಲ್ಲಿ ನೀವು ಹೊಡೆದ ಕಮಾಂಡ್ ತೆಗೆದುಕೊಂಡು ನಡೆಸುವ ಪ್ರೋಗ್ರಾಂ.

ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕಬ್ಬಿನ ಹಂಗಾಮು. ರಾತ್ರಿ ಮೂರು ಕೆಲಸ ಒಂದರ ಹಿಂದೆ ಒಂದು ನಡೆಯಬೇಕು. ಮೊದಲು ಕಾಟಾದ (ಕಬ್ಬಿನ ಗಾಡಿ ತೂಗುವ ಜಾಗದ) ಕಂಪ್ಯೂಟರ್‌ನಿಂದ ಅವತ್ತಿನ ತೂಕದ ಫೈಲ್ ತರಬೇಕು. ಆಮೇಲೆ ‘ಕಾಟಾಬಿಲ್’ ಅನ್ನುವ ನಮ್ಮ ಪ್ರೋಗ್ರಾಂ ಆ ಫೈಲ್ ಓದಿ ರೈತರ ಬಿಲ್ ಮಾಡಬೇಕು. ಕೊನೆಗೆ ರೈತರಿಗೆ ಎಸ್‌ಎಂಎಸ್ ಹೋಗಬೇಕು. ನಡುವಿನ ಪ್ರೋಗ್ರಾಂ ಕೆಟ್ಟು ನಿಂತೂ 0 ಕೊಟ್ಟರೆ, ಮುಧೋಳದ ರೈತನ ಮೊಬೈಲ್‌ಗೆ ನಿನ್ನೆಯ ಬಿಲ್ಲೋ ಖಾಲಿ ಬಿಲ್ಲೋ ಹೋಗುತ್ತದೆ. ಇಷ್ಟಕ್ಕೇ ನಾನು ಈ ಸಣ್ಣ ಸಂಖ್ಯೆಯ ಬಗ್ಗೆ ಇಷ್ಟು ಒತ್ತಿ ಹೇಳುವುದು.

ಬೇಕಾದದ್ದು ಜಾಸ್ತಿ ಏನಿಲ್ಲ. ಲಿನಕ್ಸ್ ಇರುವ ಕಂಪ್ಯೂಟರ್, ಇಲ್ಲವೇ ವಿಂಡೋಸ್ ಒಳಗೆ ಹಾಕಿಕೊಂಡ ಲಿನಕ್ಸ್. ಬ್ಯಾಶ್ ಶೆಲ್. ಪೈಥಾನ್ 3. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಹಂತ 1: ಸಂಖ್ಯೆಯನ್ನು ಕಣ್ಣಾರೆ ನೋಡಿ

ಇಲ್ಲದ ಒಂದು ಫೈಲ್‌ನ ಹೆಸರು ಕೊಟ್ಟು, ಫೈಲ್‌ಗಳ ಪಟ್ಟಿ ತೋರಿಸುವ ಕಮಾಂಡ್ ಆದ ಎಲ್‌ಎಸ್ ಓಡಿಸಿ. ಅದರ ಬೆನ್ನಿಗೇ ಇದನ್ನು ಹೊಡೆಯಿರಿ (ಎಕೋ ಅಂದರೆ ಕೊಟ್ಟದ್ದನ್ನು ತೆರೆಯ ಮೇಲೆ ತೋರಿಸುವ ಕಮಾಂಡ್):

ಎಕೋ $?

ಲಿನಕ್ಸ್‌ನಲ್ಲಿ 2 ಬರುತ್ತದೆ. ಈಗ ಅದೇ ಸಾಲನ್ನು ಇನ್ನೊಮ್ಮೆ ಹೊಡೆಯಿರಿ. 0 ಬರುತ್ತದೆ! ಎರರ್ ಮಾಯವಾಗಿಲ್ಲ. $? ಅನ್ನುವುದು ಈಗಷ್ಟೇ ಮುಗಿದ ಕಮಾಂಡ್‌ನ ಸಂಖ್ಯೆ. ಎರಡನೇ ಸಲ ಅದು ತೋರಿಸಿದ್ದು ಮೊದಲನೇ ಎಕೋದ ಸಂಖ್ಯೆಯನ್ನು. ಬಹಳ ಜನ ಎಡವುವುದು ಇಲ್ಲೇ. ಪ್ರೋಗ್ರಾಂ ಓಡಿಸುತ್ತಾರೆ, “ಮುಗಿಯಿತು” ಅಂತ ಒಂದು ಎಕೋ ಹಾಕುತ್ತಾರೆ, ಅದಾದ ಮೇಲೆ $? ನೋಡುತ್ತಾರೆ. ಅದು ಯಾವಾಗಲೂ 0. ಸಂಖ್ಯೆ ಬೇಕಿದ್ದರೆ ಮೊದಲು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ, ಮಿಕ್ಕಿದ್ದು ಆಮೇಲೆ.

ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದೇ ಸಂಖ್ಯೆ %ಎರರ್‌ಲೆವೆಲ್% ಅನ್ನುವುದರಲ್ಲಿ ಸಿಗುತ್ತದೆ. ಪವರ್‌ಶೆಲ್‌ನಲ್ಲಿ $ಲಾಸ್ಟ್‌ಎಕ್ಸಿಟ್‌ಕೋಡ್.

ಹಂತ 2: 0ರಿಂದ 255ರವರೆಗಿನ ಮಿತಿ ತಿಳಿದುಕೊಳ್ಳಿ

ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಶೆಲ್‌ಗೆ ತಲುಪುವುದು ನೀವು ಕೊಟ್ಟ ಸಂಖ್ಯೆಯ ಕೊನೆಯ 8 ಬಿಟ್ ಮಾತ್ರ. ಅಂದರೆ 0ರಿಂದ 255. 256 ಕೊಟ್ಟರೆ 0 ಆಗುತ್ತದೆ. 257 ಕೊಟ್ಟರೆ 1. -1 ಕೊಟ್ಟರೆ 255.

ಇದರಿಂದ ಆಗುವ ಅನಾಹುತ ನೋಡಿ. “ಎಷ್ಟು ತೂಕದ ಚೀಟಿ ತಪ್ಪಿದೆಯೋ ಅದನ್ನೇ ಎಕ್ಸಿಟ್ ಕೋಡ್ ಮಾಡಿಬಿಡೋಣ” ಅಂತ ಕೆಲವರಿಗೆ ಅನಿಸುತ್ತದೆ. 3 ತಪ್ಪಿದ್ದರೆ 3, 40 ತಪ್ಪಿದ್ದರೆ 40. ಒಂದು ದಿನ ಸರಿಯಾಗಿ 256 ಕಾಟಾ ಚೀಟಿ ಕೆಟ್ಟು ಬಂದರೆ? ಶೆಲ್‌ಗೆ 0 ಹೋಗುತ್ತದೆ. ಎಸ್‌ಎಂಎಸ್ ಹೊರಡುತ್ತದೆ. ಎಣಿಕೆಯನ್ನು ಲಾಗ್‌ನಲ್ಲಿ ಬರೆಯಿರಿ, ಎಕ್ಸಿಟ್ ಕೋಡ್‌ನಲ್ಲಿ ಬೇಡ.

ಪೈಥಾನ್‌ನಲ್ಲಿ ಇದೇ ಬಲೆ ಇನ್ನೊಂದು ವೇಷದಲ್ಲಿದೆ. ಬೇರೆ ಕಮಾಂಡ್ ಓಡಿಸಲು ಓಎಸ್.ಸಿಸ್ಟಂ() ಬಳಸಿ, ಅದು ಕೊಟ್ಟದ್ದನ್ನು ಹಾಗೇ ಸಿಸ್.ಎಕ್ಸಿಟ್()ಗೆ ಹಾಕುತ್ತಾರೆ. ನೋಡಲು ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಒಳಗಿನ ಕಮಾಂಡ್ 1 ಕೊಟ್ಟು ಸೋತರೆ ಲಿನಕ್ಸ್‌ನಲ್ಲಿ ಓಎಸ್.ಸಿಸ್ಟಂ() ಕೊಡುವುದು 1 ಅಲ್ಲ, 256. ಅದನ್ನೇ ದಾಟಿಸಿದರೆ ಹೊರಗೆ ಬರುವುದು 0. ಅಂದರೆ ಪ್ರತಿ ಸೋಲೂ ಗೆಲುವಾಗಿ ಹೊರಬೀಳುತ್ತದೆ. ಓಎಸ್.ಸಿಸ್ಟಂ() ಬಿಟ್ಟು ಸಬ್‌ಪ್ರೋಸೆಸ್.ರನ್() ಬಳಸಿ, ಅದರಲ್ಲಿ ಚೆಕ್=ಟ್ರೂ ಹಾಕಿ. ಚೆಕ್ ಹಾಕದಿದ್ದರೆ ಅದು ಕೂಡ ಸೋಲನ್ನು ಸುಮ್ನೆ ನುಂಗುತ್ತದೆ.

ಹಂತ 3: ಯಾವ ಸಂಖ್ಯೆ ಯಾವುದಕ್ಕೆ, ಮೊದಲೇ ತೀರ್ಮಾನಿಸಿ

ಕೋಡ್ ಬರೆಯುವ ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಹೆಚ್ಚಿನವರು ಎರರ್‌ನ ಕಾರಣಕ್ಕೊಂದು ಸಂಖ್ಯೆ ಕೊಡಲು ಹೋಗಿ ಇಪ್ಪತ್ತು ಸಂಖ್ಯೆ ಮಾಡಿಕೊಳ್ಳುತ್ತಾರೆ. ನನ್ನ ಮಾತು ಕೇಳಿ: ಕಾರಣ ನೋಡಬೇಡಿ, ಓಡಿಸಿದವರು ಮುಂದೇನು ಮಾಡಬೇಕು ಅನ್ನುವುದನ್ನು ನೋಡಿ. ಎರಡು ಎರರ್‌ಗೂ ಮಾಡುವ ಕೆಲಸ ಒಂದೇ ಆದರೆ ಸಂಖ್ಯೆಯೂ ಒಂದೇ ಸಾಕು. ವಿವರ ಹೇಳಲು ಎರರ್ ಸಂದೇಶ ಇದ್ದೇ ಇದೆ.

ಕಾಟಾಬಿಲ್‌ಗೆ ಇದನ್ನು ಹಚ್ಚಿ ನೋಡೋಣ. ನೆಟ್‌ವರ್ಕ್ ಹೋಗಿದೆ, ಅಥವಾ ಡೇಟಾಬೇಸ್ ಸಿಗುತ್ತಿಲ್ಲ: ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿದರೆ ಆಗಬಹುದು. ತೂಕದ ಫೈಲ್ ಒಳಗಿನ ಸಾಲು ಕೆಟ್ಟಿದೆ: ಎಷ್ಟು ಸಲ ಓಡಿಸಿದರೂ ಅಷ್ಟೇ, ಕಾಟಾದ ಗುಮಾಸ್ತರಿಗೆ ಫೋನ್ ಮಾಡಬೇಕು. ಕಮಾಂಡ್ ಕೊಟ್ಟ ರೀತಿಯೇ ತಪ್ಪು: ಸ್ಕ್ರಿಪ್ಟ್ ಬರೆದವರು ತಿದ್ದಬೇಕು. ಇದ್ಯಾವುದೂ ಅಲ್ಲ, ಪ್ರೋಗ್ರಾಂ ಒಳಗೇ ಏನೋ ಮುರಿದಿದೆ: ಪ್ರೋಗ್ರಾಂ ಬರೆದವರು ನೋಡಬೇಕು. ಅಲ್ಲಿಗೆ 0 ಬಿಟ್ಟು ನಾಲ್ಕೈದು ಸಂಖ್ಯೆ. ಸಣ್ಣ ಪ್ರೋಗ್ರಾಂಗೆ ಇದಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ.

ಇನ್ನು ಯಾವ ಸಂಖ್ಯೆ? 1 ಅಂದರೆ ಸಾಮಾನ್ಯ ಸೋಲು. 2 ಅನ್ನು ಬಹಳಷ್ಟು ಪ್ರೋಗ್ರಾಂಗಳು “ಕಮಾಂಡ್ ಕೊಟ್ಟ ರೀತಿ ತಪ್ಪು” ಅನ್ನಲು ಬಳಸುತ್ತವೆ. ಪೈಥಾನ್‌ನಲ್ಲಿ ಕಮಾಂಡ್‌ನ ಆಯ್ಕೆಗಳನ್ನು ಓದಿಕೊಡುವ ಆರ್ಗ್‌ಪಾರ್ಸ್ ತಾನಾಗಿಯೇ 2 ಕೊಡುತ್ತದೆ. ಹಾಗಾಗಿ 2 ಅನ್ನು ಬೇರೆ ಕೆಲಸಕ್ಕೆ ಬಳಸಬೇಡಿ, ಗೊಂದಲವಾಗುತ್ತದೆ.

ಮಿಕ್ಕಿದ್ದಕ್ಕೆ ಬಿಎಸ್‌ಡಿ ಯುನಿಕ್ಸ್ ಕಾಲದಿಂದ ಬಂದ ಒಂದು ಪಟ್ಟಿ ಇದೆ, ಸಿಸ್‌ಎಕ್ಸಿಟ್ಸ್ ಅಂತ. 64ರಿಂದ 78ರವರೆಗೆ. ಅದರಲ್ಲಿ ನಮಗೆ ಬೇಕಾದವು: 65 ಅಂದರೆ ಕೊಟ್ಟ ಡೇಟಾ ಸರಿಯಿಲ್ಲ, 66 ಅಂದರೆ ಓದಬೇಕಾದ ಫೈಲ್ ಇಲ್ಲ ಅಥವಾ ಓದಲಾಗುತ್ತಿಲ್ಲ, 75 ಅಂದರೆ ತಾತ್ಕಾಲಿಕ ತೊಂದರೆ, ಮತ್ತೆ ಪ್ರಯತ್ನಿಸಿ, 78 ಅಂದರೆ ಸೆಟ್ಟಿಂಗ್ ತಪ್ಪು. ಎಲ್ಲರೂ ಇದನ್ನು ಪಾಲಿಸುತ್ತಾರೆ ಅಂತಲ್ಲ. ಪಾಲಿಸಲೇಬೇಕೆಂಬ ನಿಯಮವೂ ಇಲ್ಲ. ಆದರೆ 65 ಮತ್ತು 75 ಬೇರೆ ಬೇರೆಯಾಗಿದ್ದರೆ ಸಿಗುವ ಲಾಭ ದೊಡ್ಡದು, ಅದನ್ನು ಹಂತ 6ರಲ್ಲಿ ನೋಡುತ್ತೀರಿ.

126 ಮತ್ತು ಅದರ ಮೇಲಿನ ಸಂಖ್ಯೆಗಳನ್ನು ಮುಟ್ಟಬೇಡಿ. ಅವು ಶೆಲ್‌ನವು. ಕಮಾಂಡ್ ಸಿಕ್ಕಿತು, ಆದರೆ ಓಡಿಸಲು ಆಗಲಿಲ್ಲ ಅಂದರೆ 126. ಕಮಾಂಡೇ ಸಿಗಲಿಲ್ಲ ಅಂದರೆ 127. ಯಾವುದಾದರೂ ಸಿಗ್ನಲ್‌ನಿಂದ ಪ್ರೋಗ್ರಾಂ ಸತ್ತರೆ 128ಕ್ಕೆ ಆ ಸಿಗ್ನಲ್‌ನ ಸಂಖ್ಯೆ ಕೂಡಿಸಿ ಹೇಳುತ್ತದೆ. ಸಿಗ್ನಲ್ ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ಹೊರಗಿನಿಂದ ಕಳಿಸುವ ಸೂಚನೆ. ಕಂಟ್ರೋಲ್-ಸಿ ಒತ್ತಿದರೆ ಸಿಗ್ನಲ್ 2, ಹಾಗಾಗಿ 130. ಮೆಮೊರಿ ಸಾಲದೆ ಲಿನಕ್ಸ್ ಪ್ರೋಗ್ರಾಂ ಅನ್ನು ಕೊಂದರೆ ಸಿಗ್ನಲ್ 9, ಹಾಗಾಗಿ 137. ಮುಟ್ಟಬಾರದ ಮೆಮೊರಿ ಮುಟ್ಟಿ ಸತ್ತರೆ 139. ಸರ್ವರ್ ಬಂದ್ ಮಾಡುವಾಗ ಸಾಮಾನ್ಯವಾಗಿ 143. ರಾತ್ರಿ ಲಾಗ್‌ನಲ್ಲಿ 137 ಕಂಡರೆ ನಿಮ್ಮ ಕೋಡ್‌ನ ಸಾಲು ಹುಡುಕುತ್ತ ಕೂರಬೇಡಿ. ಮೊದಲು ಮೆಮೊರಿ ನೋಡಿ.

ಹಂತ 4: “ಏನೂ ಸಿಗಲಿಲ್ಲ” ಅನ್ನುವುದು ತಪ್ಪೋ ಅಲ್ಲವೋ?

ಇದಕ್ಕೆ ಎಲ್ಲ ಪ್ರೋಗ್ರಾಂಗೂ ಒಪ್ಪುವ ಉತ್ತರ ಇಲ್ಲ, ನೀವೇ ತೀರ್ಮಾನಿಸಬೇಕು. ಫೈಲ್ ಒಳಗೆ ಪದ ಹುಡುಕುವ ಗ್ರೆಪ್ ಹೇಗೆ ಮಾಡುತ್ತದೆ ನೋಡಿ: ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ಫೈಲ್ ತೆರೆಯಲು ಆಗದಂಥ ನಿಜವಾದ ತೊಂದರೆಗೆ 2. ಡಿಫ್ ಕೂಡ ಹಾಗೇ: ಎರಡು ಫೈಲ್ ಒಂದೇ ಆದರೆ 0, ಬೇರೆಯಾದರೆ 1, ತೊಂದರೆಗೆ 2. ‘ಇಲ್ಲ’ ಅನ್ನುವ ಉತ್ತರವನ್ನೂ ‘ಗೊತ್ತಾಗಲಿಲ್ಲ’ ಅನ್ನುವ ಸೋಲನ್ನೂ ಅವು ಕಲಸುವುದಿಲ್ಲ. ಕಲಿಯಬೇಕಾದದ್ದು ಇದನ್ನೇ.

ಕಾಟಾಬಿಲ್‌ನಲ್ಲಿ ಇದು ಹೀಗೆ ಬರುತ್ತದೆ. ದುರಸ್ತಿಗೆ ಅಂತ ಕಾರ್ಖಾನೆ ಒಂದು ದಿನ ನಿಂತಿತ್ತು. ಫೈಲ್ ಬಂದಿದೆ, ಮೇಲಿನ ತಲೆಸಾಲು ಇದೆ, ಕೆಳಗೆ ಒಂದೂ ಚೀಟಿ ಇಲ್ಲ. ಇದು ತಪ್ಪಲ್ಲ, 0 ಕೊಡಿ. ಆದರೆ ಫೈಲ್ ಇದೆ, ಒಳಗೆ ಒಂದಕ್ಷರವೂ ಇಲ್ಲ, 0 ಬೈಟ್. ಇದು ತಪ್ಪು. ಫೈಲ್ ತರುವಾಗ ನಡುವೆ ಲೈಟ್ ಹೋಗಿರಬಹುದು. 65 ಕೊಡಿ. ಫೈಲೇ ಇಲ್ಲದಿದ್ದರೆ 66. ಈ ಮೂರನ್ನೂ ಒಂದೇ ಅಂತ ತಿಳಿದು “ಚೀಟಿ ಇಲ್ಲ, ಕೆಲಸ ಮುಗಿಯಿತು” ಅಂತ 0 ಕೊಡುವ ಪ್ರೋಗ್ರಾಂಗಳೇ ಜಾಸ್ತಿ.

ಅರ್ಧಂಬರ್ಧ ಆದ ಕೆಲಸದ ಮಾತು ಬೇರೆ. 400 ಚೀಟಿಯಲ್ಲಿ 3 ಕೆಟ್ಟಿವೆ, 397 ಸರಿ ಇವೆ. ಫೈಲ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡುವ ಆರ್‌ಸಿಂಕ್‌ನಂಥ ಪ್ರೋಗ್ರಾಂ ಇದಕ್ಕೆ ಬೇರೆಯೇ ಸಂಖ್ಯೆ ಇಟ್ಟುಕೊಂಡಿದೆ. ಕೆಲವು ಫೈಲ್ ಮಾತ್ರ ಹೋದರೆ ಅದು 23 ಕೊಡುತ್ತದೆ. ಫೋಟೋ ಬ್ಯಾಕಪ್‌ಗೆ ಅದು ಸರಿ. ದುಡ್ಡಿನ ಲೆಕ್ಕಕ್ಕೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರು ಸಾಲು ಕೆಟ್ಟಿದ್ದರೆ ಆ ಮೂರರ ಸಾಲು ಸಂಖ್ಯೆ ಬರೆದು, ಬಿಲ್ ಫೈಲ್ ಮಾಡದೆ, 65 ಕೊಟ್ಟು ನಿಲ್ಲಿ. ಬಿಲ್ ಅನ್ನು ಮೊದಲು ಒಂದು ತಾತ್ಕಾಲಿಕ ಹೆಸರಿನ ಫೈಲ್‌ಗೆ ಬರೆಯಿರಿ. ಎಲ್ಲ ಮುಗಿದ ಮೇಲೆ ಓಎಸ್.ರಿಪ್ಲೇಸ್() ಬಳಸಿ ನಿಜವಾದ ಹೆಸರಿಗೆ ಬದಲಿಸಿ. ಎರಡೂ ಒಂದೇ ಡಿಸ್ಕ್ ಭಾಗದಲ್ಲಿರಲಿ. ಹೀಗೆ ಮಾಡಿದರೆ ಅರ್ಧ ಬರೆದ ಬಿಲ್ ಯಾರ ಕೈಗೂ ಸಿಗುವುದಿಲ್ಲ.

ಹಂತ 5: ಪ್ರೋಗ್ರಾಂ ಒಳಗೆ ಬರೆಯಿರಿ

ಪೈಥಾನ್‌ನಲ್ಲಿ ಒಂದು ಮೇನ್() ಫಂಕ್ಷನ್ ಮಾಡಿ, ಅದು ಸಂಖ್ಯೆಯನ್ನು ರಿಟರ್ನ್ ಮಾಡಲಿ. ಫೈಲ್‌ನ ಕೊನೆಯಲ್ಲಿ ಒಂದೇ ಒಂದು ಕಡೆ ಹೀಗಿರಲಿ:

ಸಿಸ್.ಎಕ್ಸಿಟ್(ಮೇನ್())

ನಡುನಡುವೆ ಹತ್ತು ಕಡೆ ಸಿಸ್.ಎಕ್ಸಿಟ್ ಹಾಕಬೇಡಿ. ಯಾವ ದಾರಿಯಲ್ಲಿ ಯಾವ ಸಂಖ್ಯೆ ಹೊರಗೆ ಬರುತ್ತದೆ ಅಂತ ಆಮೇಲೆ ಹುಡುಕುವುದು ಕಷ್ಟ. ಮೇನ್() ಏನೂ ರಿಟರ್ನ್ ಮಾಡದಿದ್ದರೆ 0 ಹೋಗುತ್ತದೆ. ಆದ್ದರಿಂದ ಸೋಲಿನ ಪ್ರತಿ ದಾರಿಯಲ್ಲೂ ರಿಟರ್ನ್ ಇದೆಯೇ ಅಂತ ನೋಡಿಕೊಳ್ಳಿ.

ಮೊದಲಿಗೆ ಹೇಳಿದ ಪ್ರಶ್ನೆಯ ಮೂಲ ಹೆಚ್ಚಾಗಿ ಇರುವುದು ಇಲ್ಲಿ. ಟ್ರೈ ಹಾಕಿ, ಕೆಳಗೆ ಎಕ್ಸೆಪ್ಟ್ ಎಕ್ಸೆಪ್ಶನ್ ಹಾಕಿ, ಒಳಗೆ ಪ್ರಿಂಟ್ ಮಾಡಿ ಬಿಟ್ಟಿರುತ್ತಾರೆ. ತೆರೆಯ ಮೇಲೆ ಎರರ್ ಕಾಣುತ್ತದೆ, ಪ್ರೋಗ್ರಾಂ ಆರಾಮಾಗಿ ಕೊನೆ ಮುಟ್ಟುತ್ತದೆ, ಎಕ್ಸಿಟ್ ಕೋಡ್ 0. ನಿಜ ಹೇಳಬೇಕೆಂದರೆ ಆ ಟ್ರೈ ಇಲ್ಲದಿದ್ದರೇ ಚೆನ್ನಾಗಿತ್ತು. ಯಾರೂ ಹಿಡಿಯದ ಎಕ್ಸೆಪ್ಶನ್‌ಗೆ ಪೈಥಾನ್ ತಾನೇ 1 ಕೊಡುತ್ತದೆ. ಹಿಡಿದರೆ ಸಂಖ್ಯೆ ಕೊಡಿ, ಇಲ್ಲವೇ ಹಿಡಿಯಬೇಡಿ.

ಇನ್ನೊಂದು: ಯಾವ ಎಕ್ಸೆಪ್ಶನ್ ಅಂತ ಹೆಸರೇ ಹೇಳದ ಬರೀ ಎಕ್ಸೆಪ್ಟ್ ಬಳಸಲೇಬೇಡಿ. ಸಿಸ್.ಎಕ್ಸಿಟ್() ಕೂಡ ಒಳಗೆ ಒಂದು ಎಕ್ಸೆಪ್ಶನ್ ಆಗಿಯೇ ಕೆಲಸ ಮಾಡುತ್ತದೆ. ಬರೀ ಎಕ್ಸೆಪ್ಟ್ ಅದನ್ನೂ ಹಿಡಿದು ನುಂಗುತ್ತದೆ. ನೀವು 65 ಅಂದಿರಿ, ಹೊರಗೆ 0 ಹೋಯಿತು.

ಎರರ್ ಸಂದೇಶವನ್ನು ಎರರ್ ಔಟ್‌ಪುಟ್‌ಗೆ, ಅಂದರೆ ಸಿಸ್.ಎಸ್‌ಟಿಡಿಎರ್‌ಗೆ ಬರೆಯಿರಿ. ಮಾಮೂಲಿ ಔಟ್‌ಪುಟ್‌ಗೆ ಬರೆದರೆ ಅದು ಬಿಲ್ ಫೈಲ್ ಒಳಗೇ ಸೇರಿಕೊಳ್ಳಬಹುದು. ಸಿಸ್.ಎಕ್ಸಿಟ್()ಗೆ ಸಂಖ್ಯೆಯ ಬದಲು ಒಂದು ವಾಕ್ಯ ಕೊಟ್ಟರೆ ಪೈಥಾನ್ ಅದನ್ನು ಎರರ್ ಔಟ್‌ಪುಟ್‌ಗೆ ಬರೆದು 1 ಕೊಡುತ್ತದೆ. ಸಣ್ಣ ಸ್ಕ್ರಿಪ್ಟ್‌ಗೆ ಅಷ್ಟು ಸಾಕು.

ಬೇರೆ ಭಾಷೆಯವರಿಗೆ ಚುಟುಕಾಗಿ. ಸಿ ಭಾಷೆಯಲ್ಲಿ ಸಿ99ರಿಂದ ಈಚೆಗೆ ಮೇನ್ ಕೊನೆ ಮುಟ್ಟಿದರೆ ತಾನಾಗಿ 0, ಹಾಗಾಗಿ ರಿಟರ್ನ್ ಮರೆತರೆ ಗೊತ್ತೇ ಆಗುವುದಿಲ್ಲ. ಗೋದಲ್ಲಿ ಓಎಸ್.ಎಕ್ಸಿಟ್ ಕರೆದರೆ ಡಿಫರ್ ಹಾಕಿದ ಕೆಲಸಗಳು ನಡೆಯುವುದಿಲ್ಲ. ನೋಡ್‌ನಲ್ಲಿ ಪ್ರೋಸೆಸ್.ಎಕ್ಸಿಟ್() ಬದಲು ಪ್ರೋಸೆಸ್.ಎಕ್ಸಿಟ್‌ಕೋಡ್‌ಗೆ ಸಂಖ್ಯೆ ಹಾಕಿ ಬಿಡಿ, ಇಲ್ಲದಿದ್ದರೆ ಬರೆಯುತ್ತಿದ್ದ ಔಟ್‌ಪುಟ್ ನಡುವೆ ಕತ್ತರಿಸಬಹುದು. ಜಾವಾದಲ್ಲಿ ಮೇನ್ ಅಲ್ಲದ ಬೇರೆ ಥ್ರೆಡ್ ಎಕ್ಸೆಪ್ಶನ್‌ನಿಂದ ಸತ್ತರೂ ಪ್ರೋಗ್ರಾಂ 0 ಕೊಡಬಹುದು, ಎಚ್ಚರ.

ಹಂತ 6: ಕರೆಯುವ ಸ್ಕ್ರಿಪ್ಟ್ ಸರಿಮಾಡಿ

ಪ್ರೋಗ್ರಾಂ ಸರಿಯಾಗಿ 65 ಕೊಟ್ಟರೂ ಸ್ಕ್ರಿಪ್ಟ್ ಅದನ್ನು ನೋಡದಿದ್ದರೆ ಏನು ಪ್ರಯೋಜನ? ಬ್ಯಾಶ್ ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ಇದನ್ನು ಹಾಕಿ:

ಸೆಟ್ -ಇ -ಓ ಪೈಪ್‌ಫೇಲ್

ಸೆಟ್ -ಇ ಅಂದರೆ ಯಾವುದಾದರೂ ಕಮಾಂಡ್ 0 ಅಲ್ಲದ್ದು ಕೊಟ್ಟರೆ ಅಲ್ಲೇ ನಿಲ್ಲು ಅಂತ. ಪೈಪ್‌ಫೇಲ್ ಯಾಕೆ ಬೇಕು? ಲಾಗ್ ಇಡಲು ಹೆಚ್ಚಿನವರು ಹೀಗೆ ಬರೆಯುತ್ತಾರೆ:

ಕಾಟಾಬಿಲ್ | ಟೀ ಲಾಗ್

ನಡುವಿನ ಗೆರೆ ಪೈಪ್. ಒಂದರ ಔಟ್‌ಪುಟ್ ಇನ್ನೊಂದಕ್ಕೆ ಕೊಡುತ್ತದೆ. ಟೀ ಅದನ್ನು ತೆರೆಗೂ ಲಾಗ್ ಫೈಲ್‌ಗೂ ಬರೆಯುತ್ತದೆ. ಈ ಸಾಲಿನ ಎಕ್ಸಿಟ್ ಕೋಡ್ ಕೊನೆಯ ಕಮಾಂಡ್‌ನದು, ಅಂದರೆ ಟೀಯದು. ಕಾಟಾಬಿಲ್ ಸತ್ತರೂ ಟೀ ತನ್ನ ಕೆಲಸ ಮುಗಿಸಿ 0 ಕೊಡುತ್ತದೆ. ಪೈಪ್‌ಫೇಲ್ ಹಾಕಿದರೆ ಸಾಲಿನಲ್ಲಿ ಸೋತವರ ಸಂಖ್ಯೆ ಹೊರಬರುತ್ತದೆ. ಒಂದು ಅಡ್ಡ ಪರಿಣಾಮ ಇದೆ. ಸಾಲಿನ ಕೊನೆಗೆ ಹೆಡ್ (ಮೊದಲ ಕೆಲವು ಸಾಲು ಮಾತ್ರ ತೋರಿಸುವ ಕಮಾಂಡ್) ಇದ್ದರೆ, ಅದು ಬೇಗ ಮುಗಿದಾಗ ಹಿಂದಿನ ಪ್ರೋಗ್ರಾಂ ಸಿಗ್ನಲ್ 13ರಿಂದ ಸತ್ತು 141 ಬರಬಹುದು. ಅದು ನಿಜವಾದ ತೊಂದರೆ ಅಲ್ಲ.

ಸೆಟ್ -ಇ ಮೇಲೆ ಕಣ್ಣುಮುಚ್ಚಿ ಭಾರ ಹಾಕಬೇಡಿ. ಇಫ್‌ನ ಷರತ್ತಿನಲ್ಲಿ, &&ನ ಎಡಕ್ಕೆ, ||ನ ಎಡಕ್ಕೆ ಇರುವ ಕಮಾಂಡ್ ಸೋತರೆ ಅದು ನಿಲ್ಲುವುದಿಲ್ಲ. ಫಂಕ್ಷನ್ ಒಳಗೆ ಲೋಕಲ್ ವೇರಿಯಬಲ್ ಮಾಡುವ ಸಾಲಿನಲ್ಲೇ ಕಮಾಂಡ್ ಓಡಿಸಿ ಬೆಲೆ ತುಂಬಿದರೂ ನಿಲ್ಲುವುದಿಲ್ಲ, ಯಾಕಂದರೆ ಹೊರಗೆ ಬರುವುದು ಲೋಕಲ್ ಅನ್ನುವ ಕಮಾಂಡ್‌ನ 0. ಮೊದಲು ಲೋಕಲ್ ಅಂತ ಒಂದು ಸಾಲು, ಬೆಲೆ ತುಂಬುವುದು ಮುಂದಿನ ಸಾಲಿನಲ್ಲಿ. ಇಫ್ ! ಅಂತ ತಿರುಗಿಸಿ ಬರೆದು ಒಳಗೆ $? ನೋಡಿದರೆ 0 ಸಿಗುತ್ತದೆ, ನಿಜವಾದ ಸಂಖ್ಯೆ ಅಲ್ಲ. ಸಂಖ್ಯೆ ಬೇಕಾದಾಗ ಹೀಗೆ ಹಿಡಿಯಿರಿ:

ಕೋಡ್=0
ಕಾಟಾಬಿಲ್ || ಕೋಡ್=$?

ಈಗ ಕೋಡ್ 75 ಆಗಿದ್ದರೆ ಐದು ನಿಮಿಷ ಕಾದು ಮತ್ತೆ ಓಡಿಸಿ, ಮೂರು ಸಲಕ್ಕಿಂತ ಜಾಸ್ತಿ ಬೇಡ. 65 ಆಗಿದ್ದರೆ ಅಲ್ಲೇ ನಿಲ್ಲಿಸಿ ಗುಮಾಸ್ತರಿಗೆ ತಿಳಿಸಿ. 0 ಆದರೆ ಮಾತ್ರ ಎಸ್‌ಎಂಎಸ್ ಕಳಿಸುವ ಸಾಲು. ನೆಟ್‌ವರ್ಕ್ ಹೋಗಿ ಬಂದು ಮಾಡುವ ಹಳ್ಳಿಗಳಲ್ಲಿ 65 ಮತ್ತು 75ರ ವ್ಯತ್ಯಾಸವೇ ರಾತ್ರಿ ಎರಡು ಗಂಟೆಗೆ ಬರುವ ಫೋನ್‌ಗಳನ್ನು ಎಷ್ಟೋ ಕಡಿಮೆ ಮಾಡುತ್ತದೆ.

ಫೈಲ್ ತರಲು ಕರ್ಲ್ ಬಳಸುವವರು -ಎಫ್ (ಚಿಕ್ಕ ಅಕ್ಷರ) ಮರೆಯಬೇಡಿ. ಅದಿಲ್ಲದಿದ್ದರೆ ಸರ್ವರ್ 404 (ಫೈಲ್ ಇಲ್ಲ) ಅಂದರೂ ಕರ್ಲ್‌ಗೆ ಅದು 0. ಆ ಎರರ್ ಪುಟವನ್ನೇ ತೂಕದ ಫೈಲ್ ಅಂತ ಉಳಿಸಿಕೊಡುತ್ತದೆ. -ಎಫ್ ಹಾಕಿದರೆ 22 ಕೊಡುತ್ತದೆ.

ಕ್ರಾನ್‌ನಿಂದ, ಅಂದರೆ ಗಂಟೆ ಹಾಕಿ ಕೆಲಸ ಓಡಿಸುವ ಲಿನಕ್ಸ್ ಸೇವೆಯಿಂದ ಓಡಿಸುವವರಿಗೆ ಎರಡು ಮಾತು. ಅದು ಎಕ್ಸಿಟ್ ಕೋಡ್ ನೋಡಿ ಯಾರಿಗೂ ತಿಳಿಸುವುದಿಲ್ಲ. ಔಟ್‌ಪುಟ್ ಬಂದರೆ ಮೇಲ್ ಮಾಡುತ್ತದೆ, ಅಷ್ಟೇ. ಸೋಲಿನ ಸುದ್ದಿ ಕೊಡುವ ಕೆಲಸ ನಿಮ್ಮ ಸ್ಕ್ರಿಪ್ಟ್‌ನದೇ. ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಬಳಸಿದರೆ ಆನ್‌ಫೇಲ್ಯೂರ್ ಅನ್ನುವ ಸೆಟ್ಟಿಂಗ್‌ನಲ್ಲಿ ಸುದ್ದಿ ಕಳಿಸುವ ಇನ್ನೊಂದು ಕೆಲಸ ಜೋಡಿಸಬಹುದು. ಇನ್ನು, ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ 127 ಅಂದರೆ ಕಾರಣ ಬಹುತೇಕ ಪಾತ್. ಕ್ರಾನ್‌ಗೆ ಗೊತ್ತಿರುವ ಫೋಲ್ಡರ್‌ಗಳ ಪಟ್ಟಿ ಚಿಕ್ಕದು. ಕಮಾಂಡ್‌ನ ಪೂರ್ತಿ ದಾರಿ ಬರೆಯಿರಿ.

ಹಂತ 7: ಬೇಕಂತಲೇ ಕೆಡಿಸಿ ನೋಡಿ

ಸರಿಯಾದ ಫೈಲ್ ಕೊಟ್ಟು 0 ಬಂತು ಅಂತ ಸುಮ್ಮನಾಗಬೇಡಿ. ಇಲ್ಲದ ಫೈಲ್ ಹೆಸರು ಕೊಡಿ. ಓದುವ ಅನುಮತಿ ತೆಗೆದು ನೋಡಿ, ಆದರೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಬೇಡಿ, ರೂಟ್‌ಗೆ ಅನುಮತಿಯ ತಡೆ ತಗಲುವುದಿಲ್ಲ. ತೂಕದ ಜಾಗದಲ್ಲಿ ಅಕ್ಷರ ಹಾಕಿದ ಸಾಲು ಕೊಡಿ. ಓಡುವಾಗ ಕಂಟ್ರೋಲ್-ಸಿ ಒತ್ತಿ. ಪ್ರತಿ ಸಲ $? ನೋಡಿ, ಹಾಳೆಯ ಪಟ್ಟಿಗೆ ಹೋಲಿಸಿ.

ಡಿಸ್ಕ್ ತುಂಬಿದಾಗ ಏನಾಗುತ್ತದೆ ಅಂತ ನೋಡಲು ಡಿಸ್ಕ್ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ /ಡೆವ್/ಫುಲ್ ಅನ್ನುವ ವಿಶೇಷ ಫೈಲ್ ಇದೆ. ಅದಕ್ಕೆ ಏನು ಬರೆದರೂ “ಜಾಗ ಇಲ್ಲ” ಅನ್ನುತ್ತದೆ. ಹೀಗೆ ಓಡಿಸಿ:

ಕಾಟಾಬಿಲ್ > /ಡೆವ್/ಫುಲ್

ಸಿಯಲ್ಲಿ ಬರೆದ ಮಾಮೂಲಿ ‘ಹಲೋ ವರ್ಲ್ಡ್’ ಇಲ್ಲಿ 0 ಕೊಡುತ್ತದೆ! ಬರೆಯಬೇಕಾದದ್ದು ಮೊದಲು ಮೆಮೊರಿಯಲ್ಲಿ ಕೂಡಿಕೊಂಡು, ಕೊನೆಗೆ ಹೊರಗೆ ಹೋಗುವಾಗ ಸೋಲುತ್ತದೆ, ಆ ಸೋಲನ್ನು ಯಾರೂ ಕೇಳಿರುವುದಿಲ್ಲ. ಪೈಥಾನ್ 3 ಸ್ವಲ್ಪ ಮೇಲು. ಕೊನೆಯ ಗಳಿಗೆಯಲ್ಲಿ ಹೀಗಾದರೆ 120 ಕೊಡುತ್ತದೆ. ಆದರೂ ಮೇನ್() ಮುಗಿಯುವ ಮುಂಚೆ ನೀವೇ ಫ್ಲಶ್() ಕರೆದು (ಮೆಮೊರಿಯಲ್ಲಿ ಕೂಡಿದ್ದನ್ನು ಹೊರಗೆ ಕಳಿಸಿ), ಎರರ್ ಹಿಡಿದು, ನಿಮ್ಮ ಪಟ್ಟಿಯ ಸಂಖ್ಯೆ ಕೊಡುವುದು ಒಳ್ಳೆಯದು. ಫೈಲ್‌ಗೆ ಬರೆಯುತ್ತಿದ್ದರೆ ಕ್ಲೋಸ್() ಮಾಡುವಾಗಲೂ ಎರರ್ ಬರಬಹುದು ಅನ್ನುವುದು ನೆನಪಿರಲಿ. ಹೆಸರು ಬದಲಿಸುವುದು ಅದಾದ ಮೇಲೆಯೇ.

ಈ ಪರೀಕ್ಷೆಗಳನ್ನು ಪೈಥಾನ್‌ನಲ್ಲೇ ಬರೆದಿಟ್ಟುಕೊಂಡರೆ ಪ್ರತಿ ಸಲ ಕೈಯಿಂದ ಮಾಡುವ ಕೆಲಸ ತಪ್ಪುತ್ತದೆ. ಸಬ್‌ಪ್ರೋಸೆಸ್.ರನ್() ಕೊಡುವ ಉತ್ತರದಲ್ಲಿ ರಿಟರ್ನ್‌ಕೋಡ್ ನೋಡಿ. ಸಿಗ್ನಲ್‌ನಿಂದ ಸತ್ತ ಪ್ರೋಗ್ರಾಂಗೆ ಅಲ್ಲಿ 137 ಬರುವುದಿಲ್ಲ, -9 ಬರುತ್ತದೆ. ಎರಡೂ ಒಂದೇ ಸಾವು, ಶೆಲ್ ಹೇಳುವ ರೀತಿ ಬೇರೆ, ಪೈಥಾನ್ ಹೇಳುವ ರೀತಿ ಬೇರೆ.

ಹಂತ 8: ಬರೆದಿಡಿ

--ಹೆಲ್ಪ್ ಕೊಟ್ಟಾಗ ಬರುವ ವಿವರದ ಕೊನೆಗೆ ಎಕ್ಸಿಟ್ ಕೋಡ್‌ಗಳ ಪಟ್ಟಿ ಸೇರಿಸಿ. ಸಂಖ್ಯೆ, ಅದರ ಅರ್ಥ, ಬಂದಾಗ ಏನು ಮಾಡಬೇಕು. ಐದಾರು ಸಾಲು. --ಹೆಲ್ಪ್ ಕೇಳಿದ್ದಕ್ಕೆ 0 ಕೊಡಿ, ಕೇಳಿದ್ದನ್ನು ಕೊಟ್ಟಿದ್ದೀರಲ್ಲ. ತಪ್ಪು ಆಯ್ಕೆ ಕೊಟ್ಟದ್ದಕ್ಕೆ ಬಳಕೆಯ ವಿವರ ತೋರಿಸುವಾಗ ಮಾತ್ರ 2.

ಒಮ್ಮೆ ಬೇರೆಯವರ ಸ್ಕ್ರಿಪ್ಟ್ ನಿಮ್ಮ 75 ಅನ್ನು ನಂಬಿ ಓಡಲು ಶುರುವಾದ ಮೇಲೆ ಅದರ ಅರ್ಥ ಬದಲಿಸಬೇಡಿ. ಹೊಸ ಸ್ಥಿತಿ ಬಂದರೆ ಹೊಸ ಸಂಖ್ಯೆ ಸೇರಿಸಿ. ಕರೆಯುವ ಸ್ಕ್ರಿಪ್ಟ್ ಬರೆಯುವವರು ಕೂಡ ತಮಗೆ ಗೊತ್ತಿಲ್ಲದ ಸಂಖ್ಯೆ ಬಂದರೆ ಅದನ್ನು ಸೋಲು ಅಂತಲೇ ತಿಳಿಯಲಿ. ಇದಕ್ಕೆ ಹೊರತಾದ ಕೆಲವು ಪ್ರೋಗ್ರಾಂಗಳಿವೆ. ವಿಂಡೋಸ್‌ನ ರೋಬೋಕಾಪಿಯಲ್ಲಿ 8ಕ್ಕಿಂತ ಕಡಿಮೆ ಇದ್ದರೆ ಸೋಲಲ್ಲ, ಫೈಲ್ ಕಾಪಿ ಆದಾಗ ಅದು 1 ಕೊಡುತ್ತದೆ. ಅಂಥ ಪ್ರೋಗ್ರಾಂ ಕರೆಯುವ ಸಾಲಿನ ಪಕ್ಕದಲ್ಲೇ ಒಂದು ಕಾಮೆಂಟ್ ಬರೆದಿಡಿ, ನಿಮ್ಮ ನಂತರ ಬರುವವರು ಅದನ್ನು ತಪ್ಪು ಅಂತ ತಿದ್ದದಂತೆ.